ಪಕ್ಕದ ಸೀಟಿನ ಬ್ರೇಕು

ನಮ್ಮ ಹಳೇ ಕಾರು ಹರಾಜಾಯಿತು, ಅಂದುಕೊಂಡದ್ದಕ್ಕಿಂತ ಹೆಚ್ಚಿಗೇ ಹೋಯಿತು ಎಂದು ಫೋನ್ ಬಂದ ದಿನ ನಾನು ಇಡೀ ಬೀದಿಗೆ ಹೇಳಿಕೊಂಡು ಬಂದೆ. ಹೇಳಬಾರದಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನನ್ನ ಹುಟ್ಟುಗುಣ. ಹರಾಜು ಕಂಪನಿಯವರು ಕಾರು ಹೋದ ಕೂಡಲೇ ದುಡ್ಡು ಕೊಡುವುದಿಲ್ಲ. ಕೊಂಡವನು ಮೊದಲು ಹಣ ಕಟ್ಟಬೇಕು, ಗಾಡಿ ಒಯ್ಯಬೇಕು, ನಾಲ್ಕು ದಿನ ಓಡಿಸಿ ನೋಡಬೇಕು. ಅವನು ತಕರಾರಿಲ್ಲ ಎಂದ ಮೇಲೆಯೇ ನಮ್ಮ ಹಣ ನಮ್ಮ ಖಾತೆಗೆ. ಅಲ್ಲಿಯವರೆಗೆ ಅದು ಬಾಯಿಗೆ ಬಾರದ ತುತ್ತು.

ಆ ಹಣಕ್ಕಾಗಿ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದಕ್ಕೆ ಕಾರಣವಿತ್ತು. ನನ್ನ ಗಂಡ ಡ್ರೈವಿಂಗ್ ಕಲಿಸುವವರು. ನಮ್ಮೂರಲ್ಲಿ ಸ್ಟಿಯರಿಂಗ್ ಹಿಡಿದವರಲ್ಲಿ ಅರ್ಧ ಜನ ಅವರ ಕೈಲಿ ಬೈಸಿಕೊಂಡವರೇ. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಾರೆ, ನಾನೂ ಹಾಗೇ ಎನ್ನುತ್ತೇನೆ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಕಾಲ ಬಳಿಯ ಎರಡನೇ ಬ್ರೇಕನ್ನು ಒತ್ತಿ ಒತ್ತಿ ಅವರ ಮಂಡಿ ಸವೆದುಹೋಯಿತು. ಈ ಮಂಡಿಯನ್ನು ಇನ್ನಾದರೂ ಸುಮ್ಮನೆ ಬಿಡಿ ಎಂದು ಡಾಕ್ಟರು ಕೈಮುಗಿದರು. ಅಷ್ಟು ವರ್ಷ ಸ್ಕೂಲಿನ ಫೋನು, ಫೀಸು, ಯಾರಿಗೆ ಯಾವ ಹೊತ್ತು ಎನ್ನುವುದನ್ನೆಲ್ಲ ನೋಡಿಕೊಂಡಿದ್ದವಳು ನಾನು. ಈಗ ಕಲಿಸುವವರ ಪರೀಕ್ಷೆಗೆ ನಾನೇ ಕೂತೆ. ಒಂದು ಸಲ ಡುಮ್ಕಿ ಹೊಡೆದೆ, ಎರಡನೇ ಸಲ ಪಾಸಾದೆ.

ಹಳೇ ಕಾರಿಗೆ ಮೇಷ್ಟ್ರ ಮಂಡಿಯಷ್ಟೇ ವಯಸ್ಸಾಗಿತ್ತು. ಅದನ್ನು ಮಾರಿ, ಆ ಹಣಕ್ಕೆ ನಮ್ಮ ಉಳಿತಾಯ ಸೇರಿಸಿ, ಕಾರ್ಖಾನೆಯಲ್ಲೇ ಎರಡನೇ ಬ್ರೇಕು ಕೂರಿಸಿದ ಹೊಸ ಸಣ್ಣ ಕಾರೊಂದನ್ನು ಬುಕ್ ಮಾಡಿದ್ದೆವು. ಬಾಕಿ ಕಟ್ಟುವುದಕ್ಕೆ ಶೋರೂಮಿನವರು ಕೊಟ್ಟ ಗಡುವು ಶನಿವಾರ ಸಂಜೆ. ತಪ್ಪಿದರೆ ಕಾರು ಸಾಲಿನಲ್ಲಿ ನಮ್ಮ ಹಿಂದಿದ್ದವರಿಗೆ ಹೋಗುತ್ತದೆ, ಅಂಥ ಇನ್ನೊಂದು ಬರುವುದು ಮುಂದಿನ ವರ್ಷ. ನಮ್ಮ ಹಿಂದೆ ಇದ್ದವನು ಬೇರೆ ಯಾರೂ ಅಲ್ಲ, ಸೇತುವೆ ಹತ್ತಿರದ ಡ್ರೈವಿಂಗ್ ಸ್ಕೂಲಿನವನು. ನನ್ನ ಹತ್ತಿರ ಕಲಿಯಲು ಹೆಸರು ಕೊಟ್ಟಿದ್ದ ಹೆಂಗಸರನ್ನು ಆಗಲೇ ಮಾತಾಡಿಸಲು ಶುರು ಮಾಡಿದ್ದ. ಒಬ್ಬ ನರ್ಸು, ಬೇಕರಿ ನಡೆಸುವ ಅಕ್ಕತಂಗಿಯರು, ಗಂಡ ಸತ್ತ ಮೇಲೆ ಕಾರು ಶೆಡ್ಡಿನಲ್ಲೇ ನಿಂತಿದೆ ಎಂದು ಬಂದ ಒಬ್ಬ ಟೀಚರು. ಅವರೆಲ್ಲ ಒಂದು ವರ್ಷ ನನಗಾಗಿ ಕಾಯುತ್ತಾರೆಯೇ? ನಾನಾದರೂ ಕಾಯುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಶುರು ಮಾಡಿದ ಕೆಲಸ ಶುರುವಿನಲ್ಲೇ ನಿಂತರೆ ಮತ್ತೆ ಏಳುವ ಶಕ್ತಿ ನನಗಿರಲಿಲ್ಲ.

ಹೀಗಿರುವಾಗ ಗುರುವಾರ ಹರಾಜು ಕಂಪನಿಯಿಂದ ಫೋನ್ ಬಂತು. ಮಾತಾಡಿದವಳು ತಕರಾರು ನೋಡಿಕೊಳ್ಳುವ ಹುಡುಗಿ, ದನಿ ಜೇನಿನ ಹಾಗಿತ್ತು.

"ಮೇಡಂ, ನಿಮ್ಮ ಗಾಡಿ ಬಗ್ಗೆ ಒಂದು ಕಂಪ್ಲೇಂಟ್ ಬಂದಿದೆ. ಅದರ ಬ್ರೇಕು ತಾನಾಗೇ ಹಿಡ್ಕೊಳ್ಳುತ್ತಂತೆ."

"ತಾನಾಗೇ ಹಿಡ್ಕೊಳ್ಳೋಕೆ ಅದೇನು ದೆವ್ವಾನಾ?"

"ನಂಗೊತ್ತಿಲ್ಲ ಮೇಡಂ. ತಗೊಂಡೋರು ಹೂವಿನ ಅಂಗಡಿಯವ್ರು. ರಸ್ತೆ ಮಧ್ಯೆ ಗಾಡಿ ನಿಂತುಬಿಡ್ತು, ಹೂವೆಲ್ಲ ಚೆಲ್ಲಿಹೋಯ್ತು ಅಂತಿದಾರೆ. ಇದು ಬಗೆಹರಿಯೋವರೆಗೂ ನಿಮ್ಮ ದುಡ್ಡು ಬಿಡೋಕೆ ಬರಲ್ಲ."

ಫೋನ್ ಕೆಳಗಿಟ್ಟು ಮೇಷ್ಟ್ರ ಕಡೆ ತಿರುಗಿದೆ. ಅವರು ಊಟದ ಮೇಜಿನ ಮುಂದೆ ಇಂಗು ತಿಂದ ಮಂಗನ ಹಾಗೆ ಕೂತಿದ್ದರು. ಆ ಮುಖ ನೋಡಿದ ಕೂಡಲೇ ನನಗೂ ನೆನಪಾಯಿತು.

ನಡೆದದ್ದು ಇಷ್ಟು. ಹರಾಜಿಗೆ ಮುಂಚೆ ಕಂಪನಿಯ ಪರೀಕ್ಷಕ ಮನೆಗೇ ಬಂದು ಕಾರಿನ ಫೋಟೋ ತೆಗೆದುಕೊಂಡು, ಏನೇನಿದೆ ಏನೇನಿಲ್ಲ ಎಂದು ಬರೆದುಕೊಂಡಿದ್ದ. ಆ ಹೊತ್ತಿಗೆ ಮೇಷ್ಟ್ರು ಎರಡನೇ ಬ್ರೇಕನ್ನು ಬಿಚ್ಚಿ, ಹಳೇ ಪೇಪರಿನಲ್ಲಿ ಸುತ್ತಿ ಬೀರುವಿನ ಮೇಲೆ ಇಟ್ಟಿದ್ದರು. ಅವನೂ 'ಎರಡನೇ ಬ್ರೇಕು ತೆಗೆಯಲಾಗಿದೆ' ಎಂದು ಬರೆದು ಹೋದ. ಅಲ್ಲಿಗೆ ಎಲ್ಲ ಸರಿಯಿತ್ತು.

ಕಾರನ್ನು ಹರಾಜು ಅಂಗಳಕ್ಕೆ ಒಪ್ಪಿಸುವ ದಿನ ಮೇಷ್ಟ್ರ ಮಂಡಿ ಕುಂಬಳಕಾಯಿಯಾಗಿತ್ತು. ನಾನೇ ಓಡಿಸುತ್ತೇನೆ ಎಂದೆ. ಅವರು ಏನೂ ಅನ್ನದೆ ಪಕ್ಕದ ಸೀಟಿನಲ್ಲಿ ಕೂತರು. ಏನೂ ಅನ್ನಲಿಲ್ಲವಲ್ಲ, ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಹಾಲಿನ ಅಂಗಡಿಯ ತಿರುವಿನಲ್ಲಿ ನಾನು ಬ್ರೇಕಿಗೆ ಕಾಲಿಡುವ ಮೊದಲೇ ಕಾರು ಗಕ್ಕನೆ ನಿಂತಿತು.

"ಇದೇನ್ರೀ ಇದು?"

"ಸೈಕಲ್ ಬಂತು."

"ಸೈಕಲ್ ನಂಗೂ ಕಾಣ್ತು. ನಿಮ್ಮ ಕಾಲ ಕೆಳಗೆ ಇರೋದೇನು?"

ಅವರು ಕಿಟಕಿಯ ಆಚೆ ನೋಡಿದರು. "ಬೆಳಗ್ಗೆ ಹಾಕ್ದೆ. ಎರಡೇ ಬೋಲ್ಟು. ಅಲ್ಲಿಗೆ ಹೋದ್ಮೇಲೆ ಬಿಚ್ಚಿಬಿಡ್ತೀನಿ, ಸ್ಪ್ಯಾನರ್ ತಂದಿದೀನಿ."

"ಪರೀಕ್ಷೆ ಮಾಡಿದೋರು ಊರಿಗೆಲ್ಲ ಕಲಿಸು ಅಂತ ನಂಗೆ ಲೈಸೆನ್ಸ್ ಕೊಟ್ಟಿದಾರೆ. ಕಟ್ಕೊಂಡ ಗಂಡಂಗೆ ಮಾತ್ರ ನಂಬಿಕೆ ಇಲ್ಲ."

"ನಂಬಿಕೆ ಮಾತಲ್ವೇ ಅದು. ಈ ಸೀಟಲ್ಲಿ ಕೂತ್ರೆ ನನ್ನ ಕಾಲಿಗೆ ಏನಾದ್ರೂ ಸಿಗ್ಬೇಕು. ಬರೀ ನೆಲದ ಮೇಲೆ ಕಾಲಿಟ್ಟು ನಾನು ಯಾವತ್ತೂ ಕೂತಿಲ್ಲ."

ಒಮ್ಮೆ ಶುರುವಾದರೆ ನನ್ನ ಬಾಯಿಗೆ ಬ್ರೇಕಿಲ್ಲ. ಅಂಗಳ ಸೇರುವವರೆಗೂ ಬೈದೆ. ಹಳೆಯದೆಲ್ಲ ಹೊರಗೆ ಬಂತು, ಮದುವೆಯಾದ ಹೊಸದರಲ್ಲಿ ನನಗೆ ಗಾಡಿ ಕಲಿಸುವಾಗ ಅವರು ಅತ್ತೆಯ ಮುಂದೆ ನಕ್ಕಿದ್ದೂ ಬಂತು. ಅವರೂ ಸುಮ್ಮನಿರಲಿಲ್ಲ, ಡುಮ್ಕಿ ಹೊಡೆದದ್ದನ್ನು ಎತ್ತಿದರು. ಅಂಗಳ ಸೇರಿದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವ ಸ್ಥಿತಿಯಲ್ಲಿರಲಿಲ್ಲ. ನಾನು ಕಾರಿನ ಬಾಗಿಲನ್ನು ಧಡಾರನೆ ಹಾಕಿದೆ, ಅವರು ಕೀಯನ್ನು ಮೇಜಿನ ಮೇಲೆ ಕುಕ್ಕಿದರು. ಮನೆಗೆ ಬರುವ ಬಸ್ಸಿನಲ್ಲಿ ನಾನು ಮುಂದೆ, ಅವರು ಹಿಂದೆ. ಬ್ರೇಕು ಕಾರಿನಲ್ಲೇ ಉಳಿಯಿತು, ಸ್ಪ್ಯಾನರು ಅವರ ಜೇಬಿನಲ್ಲೇ ಮನೆಗೆ ಬಂತು. ಕಾರನ್ನು ತೊಳೆದ ಅಂಗಳದವರು ಬ್ರೇಕಿನ ಮೇಲೊಂದು ಹೊಸ ರಬ್ಬರ್ ಮ್ಯಾಟು ಹಾಸಿಬಿಟ್ಟಿದ್ದರು. ಕೊಂಡವನಿಗೆ ಅದು ಕಾಣುವುದಾದರೂ ಹೇಗೆ?

ಗುರುವಾರ ರಾತ್ರಿಯೆಲ್ಲ ನಾನು ಮೇಷ್ಟ್ರ ಜೊತೆ ಒಂದು ಮಾತೂ ಆಡಲಿಲ್ಲ. ನಾನು ಬೈದರೆ ಅವರಿಗೆ ಭಯವಿಲ್ಲ, ಸುಮ್ಮನಾದರೆ ನಡುಕ. ನನ್ನ ಮೇಲೆ ನಂಬಿಕೆ ಇಲ್ಲದೆ ಅವರು ಹಾಕಿದ ಬ್ರೇಕು ನನ್ನ ದುಡ್ಡನ್ನೇ ಹಿಡಿದು ನಿಲ್ಲಿಸಿದೆಯಲ್ಲ ಎಂದು ಹೊಟ್ಟೆ ಉರಿಯಿತು. ನಾನೂ ಆ ದಿನ ಬಾಯಿ ಮುಚ್ಚಿಕೊಂಡಿದ್ದರೆ ಅವರು ಅದನ್ನು ಬಿಚ್ಚುತ್ತಿದ್ದರೇನೋ ಎಂದು ಅದಕ್ಕಿಂತ ಹೆಚ್ಚು ಉರಿಯಿತು. ಆದರೆ ಅದನ್ನು ಅವರೆದುರು ಒಪ್ಪಿಕೊಳ್ಳುವಷ್ಟು ನಾನು ಒಳ್ಳೆಯವಳಲ್ಲ.

ಶುಕ್ರವಾರ ಬೆಳಗ್ಗೆಯೇ ಹರಾಜು ಅಂಗಳಕ್ಕೆ ಹೋದೆವು. ಸಾಲುಸಾಲು ಕಾರುಗಳು, ಪ್ರತಿಯೊಂದರ ಗಾಜಿನ ಮೇಲೂ ಬಳಪದಲ್ಲಿ ಬರೆದ ನಂಬರು. ತಗಡಿನ ಸೂರಿನ ಕೆಳಗೆ ಯಾರೋ ಪೈಪು ಹಿಡಿದು ಗಾಡಿ ತೊಳೆಯುತ್ತಿದ್ದರು. ನೀರು ನಮ್ಮ ಚಪ್ಪಲಿಯವರೆಗೂ ಹರಿದು ಬರುತ್ತಿತ್ತು. ನಮ್ಮ ಕಾರು ಒಂದು ಮೂಲೆಯಲ್ಲಿ, ತಪ್ಪು ಮಾಡಿ ಬೆಂಚಿನ ಮೇಲೆ ನಿಂತ ಹುಡುಗನ ಹಾಗೆ ನಿಂತಿತ್ತು. ಪಕ್ಕದಲ್ಲಿ ಹೂವಿನ ಅಂಗಡಿಯವನಿದ್ದ. ದಪ್ಪ ಮನುಷ್ಯ, ಬೆರಳುಗಳೆಲ್ಲ ಎಲೆಯ ಹಸಿರು, ಅಂಗಿಯ ತೋಳಿಗೆ ದಾರದ ತುಂಡೊಂದು ಅಂಟಿಕೊಂಡಿತ್ತು. ಜೇನಿನ ದನಿಯ ಹುಡುಗಿಯೂ ಇದ್ದಳು. ಮುಖದಲ್ಲಿ ಮಾತ್ರ ಜೇನಿರಲಿಲ್ಲ, ಭಾರೀ ಬಿಗಿ.

"ನೀವೇ ಕೇಳಿ ಅಮ್ಮ," ಎಂದು ಹೂವಿನವನು ನನ್ನನ್ನೇ ಹಿಡಿದುಕೊಂಡ. "ಬೆಳಗಿನ ಜಾವ ಮಾರ್ಕೆಟ್ಟಿಂದ ಬರ್ತಿದೀನಿ. ಹಿಂದೆಲ್ಲ ಹೂ ತುಂಬಿದೆ, ಗುಲಾಬಿ ಬಕೆಟ್ಟು ಮಾತ್ರ ಮುಂದೆ, ಪಕ್ಕದ ಸೀಟಿನ ಕೆಳಗಿಟ್ಟಿದ್ದೆ. ಇಳಿಜಾರು ಬಂತು ನೋಡಿ, ಗಾಡಿ ಜಗ್ಗಿ ನಿಂತುಬಿಡ್ತು. ಹೊರಟ್ರೆ ಮತ್ತೆ ಎಳ್ಯುತ್ತೆ, ಸುಟ್ಟ ವಾಸ್ನೆ ಬೇರೆ. ನಂಗೆ ಜೀವಾನೇ ಹೋಯ್ತು."

ಮೇಷ್ಟ್ರು ಕುಂಟುತ್ತಾ ಹೋಗಿ ಪಕ್ಕದ ಬಾಗಿಲು ತೆಗೆದು ಮ್ಯಾಟು ಎತ್ತಿದರು. ಅಲ್ಲಿತ್ತು ಎರಡನೇ ಬ್ರೇಕು, ಅವರ ಚಪ್ಪಲಿ ತಾಗಿ ತಾಗಿ ಹೊಳಪಾದದ್ದು. ಬಕೆಟ್ಟು ಮುಂದೆ ಜಾರಿದಾಗಲೆಲ್ಲ ಮ್ಯಾಟಿನ ಮೇಲಿಂದ ಅದನ್ನೇ ಒತ್ತುತ್ತಿತ್ತು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು, ನಗು ಬಂದಿತ್ತು. ಹೂವಿನವನಿಗೆ ನಗು ಬರಲಿಲ್ಲ.

"ನಗೋ ವಿಷ್ಯ ಅಲ್ಲ ಇದು," ಎಂದು ಅವಳೇ ತನ್ನನ್ನು ತಿದ್ದಿಕೊಂಡಳು. "ಇದನ್ನ ತೆಗ್ದಿದೆ ಅಂತ ನಾವು ಎಲ್ಲರಿಗೂ ತೋರ್ಸಿ ಮಾರಿದೀವಿ. ತಪ್ಪು ಮಾಹಿತಿ ಆಯ್ತಲ್ಲ ಸರ್? ಇವ್ರು ಬೇಡ ಅಂದ್ರೆ ವ್ಯಾಪಾರ ರದ್ದು. ಗಾಡಿ ನಿಮಗೆ ವಾಪಸ್ಸು, ದುಡ್ಡು ಇವ್ರಿಗೆ ವಾಪಸ್ಸು."

ಇನ್ನೊಂದು ಹರಾಜು, ಇನ್ನೊಬ್ಬ ಗಿರಾಕಿ, ಇನ್ನೊಂದು ಕಾಯುವಿಕೆ. ಅಷ್ಟರಲ್ಲಿ ಶನಿವಾರ ಹೋಗಿ ಎಷ್ಟು ಶನಿವಾರಗಳು ಕಳೆದಿರುತ್ತವೋ. ಸೇತುವೆ ಹತ್ತಿರದವನು ನನ್ನ ಕಾರಿನಲ್ಲಿ ನನ್ನ ಟೀಚರಮ್ಮನನ್ನು ಕೂರಿಸಿಕೊಂಡು ಹೋಗುವುದು ಕಣ್ಣೆದುರು ಬಂತು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಮಾತಾಡಿದರು. ಗೇರು ಹಾಕುವುದರಿಂದ ಹಿಡಿದು ಸಾರಿಗೆ ಉಪ್ಪು ಹಾಕುವವರೆಗೆ ತನ್ನದೇ ಸರಿ ಎನ್ನುವ ಮನುಷ್ಯ ಅವರು. ಅವರ ಬಾಯಿಂದ ಬಂದ ಮಾತು ಕೇಳಿ ನಾನು ಬೆಪ್ಪಾದೆ.

"ತಪ್ಪು ನಂದು. ಕಂಪನಿಯೋರದ್ದಲ್ಲ, ಇವಳದ್ದೂ ಅಲ್ಲ. ಬಿಚ್ಚಿಟ್ಟಿದ್ದು ನಿಜ. ಇಲ್ಲಿಗೆ ತರೋ ದಿನ ಇವಳು ಓಡಿಸ್ತಿದ್ಲು. ನಂಗೆ ಭಯ ಆಗಿ ಮತ್ತೆ ಹಾಕ್ಕೊಂಡೆ."

ಹೂವಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅಷ್ಟು ಕೆಟ್ಟದಾಗಿ ಓಡಿಸ್ತಾರಾ ಇವ್ರು?"

"ಇಲ್ಲಪ್ಪ. ಚೆನ್ನಾಗೇ ಓಡಿಸ್ತಾಳೆ."

"ಮತ್ತೆ ಭಯ ಯಾತಕ್ಕೆ?"

ಮೇಷ್ಟ್ರು ಜೇಬಿನ ಸ್ಪ್ಯಾನರನ್ನು ತಡಕಿದರು. ಹೂವಿನವನು ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡ. ವ್ಯಾಪಾರಸ್ಥ ಅವನು, ಎದುರಿಗಿದ್ದವನ ಮುಖ ನೋಡಿ ಹೂ ಬಾಡಿದೆಯೋ ಇಲ್ಲವೋ ಹೇಳುವ ಜಾತಿ.

"ಹಂಗಾದ್ರೆ ಒಂದು ಕೆಲ್ಸ ಮಾಡಿ. ಅದನ್ನ ನನ್ನ ಕಣ್ಮುಂದೆ ಬಿಚ್ಚಿ. ಆಮೇಲೆ ಇವ್ರು ಓಡಿಸ್ಲಿ, ನೀವು ಪಕ್ಕದಲ್ಲಿ ಕೂತ್ಕೊಳಿ, ನಾನು ಹಿಂದೆ ಕೂತ್ಕೋತೀನಿ. ಮಾರ್ಕೆಟ್ಟಿಗೆ ಹೋಗಿ ಬರೋಣ. ಮಾಲೀಕನೇ ಕೂರೋಕೆ ಹೆದರೋ ಗಾಡಿ ನಂಗ್ಯಾಕೆ?"

ಸ್ಪ್ಯಾನರು ಜೇಬಿನಲ್ಲೇ ಇತ್ತು. ಮೇಷ್ಟ್ರು ಮಂಡಿಯೂರಲಾಗದೆ ಒಂದು ಕಡೆಗೆ ವಾಲಿಕೊಂಡು, ಕೈಯನ್ನು ಒಳಗೆ ತೂರಿಸಿ ಎರಡು ಬೋಲ್ಟನ್ನೂ ಬಿಚ್ಚಿದರು. ಕಂಪನಿಯ ಮೆಕ್ಯಾನಿಕ್ ಬಂದು ಮುಂದಿನ ಚಕ್ರಗಳನ್ನು ನೋಡಿ, ಬ್ರೇಕಿನ ಪ್ಯಾಡುಗಳು ಸ್ವಲ್ಪ ಸುಟ್ಟಿವೆ, ಬದಲಾಯಿಸಿದರೆ ಸಾಕು, ಅಲ್ಲಿಯವರೆಗೆ ಓಡಿಸಲು ಅಡ್ಡಿಯಿಲ್ಲ ಎಂದ. ನಾನು ಸ್ಟಿಯರಿಂಗ್ ಹಿಡಿದೆ. ಲೈಸೆನ್ಸ್ ಪರೀಕ್ಷೆಯ ದಿನವೂ ಅಷ್ಟು ಭಯವಾಗಿರಲಿಲ್ಲ.

ಮಾರ್ಕೆಟ್ ರಸ್ತೆ ಆ ಹೊತ್ತಿಗೆ ಜೇನುಗೂಡು. ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು, ಕೈಗಾಡಿಯವನು ಅಡ್ಡ ನುಗ್ಗಿದ, ಸ್ಕೂಲು ಮಕ್ಕಳ ಗುಂಪೊಂದು ದಾಟಿಯೂ ದಾಟದೆ ರಸ್ತೆಯ ಮಧ್ಯೆ ನಗುತ್ತಾ ನಿಂತಿತ್ತು. ನಾನು ಮೇಷ್ಟ್ರ ಕಡೆ ತಿರುಗಲಿಲ್ಲ. ಆದರೆ ಪಕ್ಕದಿಂದ ಮ್ಯಾಟಿನ ಮೇಲೆ ಚಪ್ಪಲಿ ಉಜ್ಜುವ ಸದ್ದು ಬರುತ್ತಿತ್ತು. ಹಿಂದಿನ ಸೀಟಿನಿಂದ ಹೂವಿನವನು ಸುಮ್ಮನೆ ನೋಡುತ್ತಿದ್ದ, ನನ್ನನ್ನಲ್ಲ, ಅವರನ್ನು.

ಅಂಗಳಕ್ಕೆ ವಾಪಸು ಬಂದು ಇಂಜಿನ್ ಆರಿಸಿದೆ. ಯಾರೂ ಇಳಿಯಲಿಲ್ಲ.

"ಒತ್ತಿದ್ರಾ?" ಎಂದು ಕೇಳಿದೆ.

"ಮೂರು ಸಲ," ಎಂದರು ಮೇಷ್ಟ್ರು. ಎದುರಿನ ಗಾಜನ್ನೇ ನೋಡುತ್ತಾ ಮತ್ತೆ ಹೇಳಿದರು, "ಮೂರು ಸಲಾನೂ ನಾನು ಒತ್ತೋಕೆ ಮುಂಚೆ ನೀನು ಒತ್ತಿದ್ದೆ."

ಮದುವೆಯಾದ ಇಷ್ಟು ವರ್ಷಗಳಲ್ಲಿ ಈ ಮನುಷ್ಯ ನನ್ನ ಸೀರೆ ಚೆನ್ನಾಗಿದೆ ಎಂದಿದ್ದಾರೆ, ಅಡಿಗೆ ಪರವಾಗಿಲ್ಲ ಎಂದಿದ್ದಾರೆ. ಓಡಿಸುವುದರ ಬಗ್ಗೆ ಅವರ ಬಾಯಿಂದ ಹೊಗಳಿಕೆ ಬಂದದ್ದು ಆ ದಿನವೇ ಮೊದಲು, ಅದೂ ಮೂರನೆಯವರ ಎದುರಿಗೆ. ಅಳು ಬಂದರೆ ಹೂವಿನವನು ಏನೆಂದುಕೊಂಡಾನು ಎಂದು ಕನ್ನಡಿ ಸರಿಮಾಡುವ ನಾಟಕ ಮಾಡಿದೆ.

ಹೂವಿನವನು ಬಾಗಿಲು ತೆಗೆದು ಇಳಿದ. "ಆಯ್ತು, ಗಾಡಿ ನಂದೇ. ಪ್ಯಾಡಿನ ಖರ್ಚು, ಒಂದು ಬಕೆಟ್ ಗುಲಾಬಿ ಖರ್ಚು ನಿಮ್ದು," ಎಂದ. ಆ ಗುಲಾಬಿಗೆ ಅವನು ಹೇಳಿದ ರೇಟು ಕೇಳಿದರೆ ಹೂವು ಚಿನ್ನದ್ದಿರಬೇಕು. ಬೇರೆ ದಿನವಾಗಿದ್ದರೆ ನಾನು ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಆ ದಿನ ಹೂಂ ಎಂದೆ. ಹುಡುಗಿ ಕಂಪ್ಯೂಟರಿನಲ್ಲಿ ಏನೋ ಕುಟ್ಟಿ, ತಕರಾರು ಮುಗಿಯಿತು, ಇವರ ಖರ್ಚು ಕಳೆದು ಉಳಿದದ್ದನ್ನು ಬ್ಯಾಂಕಿಗೆ ಕಳಿಸಿದ್ದೇವೆ ಎಂದಳು. ನಾಳೆ ಬರುತ್ತದಾ ಎಂದರೆ "ಬರಬೇಕು ಮೇಡಂ" ಎಂದಳು. ಈ 'ಬರಬೇಕು' ಎನ್ನುವುದು ಇದೆಯಲ್ಲ, ಅದು ಮೊಣಕೈಗೆ ಹಚ್ಚಿದ ಬೆಲ್ಲ.

ಶನಿವಾರ ಬೆಳಗ್ಗೆಯಿಂದ ಮೇಷ್ಟ್ರು ಫೋನನ್ನು ಅಂಗೈಯಲ್ಲೇ ಇಟ್ಟುಕೊಂಡು ಕೂತರು. ಕಾರು ಅವರ ಹೆಸರಿನಲ್ಲಿತ್ತು, ಹಣ ಬರುವುದೂ ಅವರ ಖಾತೆಗೇ. ಅದು ಒಂದು ಸಲ ಟಿಂಗ್ ಎಂದಾಗ ಇಬ್ಬರೂ ಹಾರಿಬಿದ್ದೆವು. ನೋಡಿದರೆ ನಾದಿನಿ ಗುಡ್ ಮಾರ್ನಿಂಗ್ ಎಂದು ಬೆಕ್ಕಿನ ಚಿತ್ರ ಕಳಿಸಿದ್ದಳು. ಅವಳ ಬೆಕ್ಕಿಗಿಷ್ಟು ಬೆಂಕಿ ಹಾಕ! ಮಧ್ಯಾಹ್ನದವರೆಗೂ ಏನೂ ಬರಲಿಲ್ಲ. ಮನೆಯಲ್ಲಿ ಕೂತರೆ ಗೋಡೆಗೂ ಜಗಳ ಹಚ್ಚುತ್ತೇನೆಂದು ಚೀಲ ತೆಗೆದುಕೊಂಡು ಮೂಲೆ ಅಂಗಡಿಗೆ ಹೋದೆ.

ಈರುಳ್ಳಿ ತೂಗಿಸುತ್ತಿದ್ದೆ. ಬೀದಿಯ ಆ ತುದಿಯಿಂದ ಮೇಷ್ಟ್ರು ಬರುವುದು ಕಾಣಿಸಿತು. ಬರುವುದೇನು, ಓಡುತ್ತಿದ್ದರು. ಒಂದು ಕಾಲು ಓಡುತ್ತಿತ್ತು, ಇನ್ನೊಂದನ್ನು ಎಳೆದುಕೊಂಡು ಬರುತ್ತಿದ್ದರು. ಡಾಕ್ಟರು ನೋಡಿದ್ದರೆ ಅಲ್ಲೇ ಎದೆ ಹಿಡಿದುಕೊಳ್ಳುತ್ತಿದ್ದರು. ನನ್ನ ಮುಂದೆ ಬಂದು ನಿಂತು, ಉಸಿರು ಸಿಗದೆ, ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದರು.

"ಬಂತು," ಎಂದರು. "ಬಂತು ಕಣೇ. ಗುಲಾಬಿ ಕಳೆದು ಬಾಕಿ ಎಲ್ಲಾ ಬಂತು."

ನಾನು ಈರುಳ್ಳಿ ಮೂಟೆಯ ಮೇಲೆ ಕೂತುಬಿಟ್ಟೆ. ಹೊಟ್ಟೆಗೆ ಹಾಲು ಹೊಯ್ದಂತಾಯಿತು ಎನ್ನುತ್ತಾರಲ್ಲ, ಅದು ಸುಳ್ಳಲ್ಲ, ನಿಜಕ್ಕೂ ಒಳಗೆ ಏನೋ ತಣ್ಣಗೆ ಇಳಿಯಿತು. ಎರಡು ದಿನದಿಂದ ಬಿಗಿಹಿಡಿದಿದ್ದ ಅಳು ಆಗ ಬಂತು, ಅದರ ಹಿಂದೆಯೇ ನಗು. ಅಂಗಡಿಯವನು ಯಾರೋ ತೀರಿಕೊಂಡರು ಎಂದುಕೊಂಡು ನೀರು ತಂದುಕೊಟ್ಟ.

"ಅಳು ಸಾಕು, ಎದ್ದೇಳು," ಎಂದರು ಮೇಷ್ಟ್ರು, ಅವರ ಕಣ್ಣೂ ಒದ್ದೆಯಾಗಿತ್ತು. "ಶೋರೂಮು ಬಾಗಿಲು ಹಾಕೋದ್ರೊಳಗೆ ಹೋಗ್ಬೇಕು."

ಈರುಳ್ಳಿಯನ್ನು ಅಲ್ಲೇ ಬಿಟ್ಟು ಆಟೋ ಹಿಡಿದೆವು. ಶೋರೂಮಿನಲ್ಲಿ ಬಾಕಿ ಕಟ್ಟಿ, ಕಾಗದಗಳಿಗೆ ಸಹಿ ಹಾಕಿ ಮುಗಿಸುವ ಹೊತ್ತಿಗೆ ಅಲ್ಲಿಯವರು ಅರ್ಧ ಷಟರು ಇಳಿಸಿದ್ದರು. ಹೊಸ ಕಾರು ಗಾಜಿನ ಹಿಂದೆ ದೀಪದ ಕೆಳಗೆ ನಿಂತಿತ್ತು, ಸೀಟಿನ ಮೇಲಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ಶೋರೂಮಿನವನು ಕೀಯನ್ನು ನನ್ನ ಕೈಗೆ ಕೊಟ್ಟ. ನಾವಿಬ್ಬರೂ ಕಾರಿನ ಹತ್ತಿರ ಹೋದೆವು, ಇಬ್ಬರೂ ಒಟ್ಟಿಗೆ ಒಂದೇ ಬಾಗಿಲಿಗೆ ಕೈ ಹಾಕಿದೆವು.

ಪಕ್ಕದ ಸೀಟಿನ ಬಾಗಿಲಿಗೆ. ಅವರಿಗೆ ಅದು ಜೀವಮಾನದ ರೂಢಿ. ನನಗೆ, ಸೋಮವಾರದಿಂದ ಕಲಿಸಲು ಕೂರಬೇಕಾದ ಜಾಗ ಹೇಗಿದೆ ನೋಡೋಣ ಎಂಬ ಆಸೆ. ಅವರ ಕೈ ಬಾಗಿಲ ಹಿಡಿಯ ಮೇಲೆ, ನನ್ನ ಕೈ ಅವರ ಕೈಯ ಮೇಲೆ. ಇಬ್ಬರೂ ಹಾಗೇ ನಿಂತೆವು. ಶೋರೂಮಿನವನು ಇವರಿಗೇನಾಯಿತು ಎಂದು ನೋಡುತ್ತಿದ್ದ.

ಮೇಷ್ಟ್ರು ಮೊದಲು ಕೈ ತೆಗೆದರು. ಬಾಗಿಲನ್ನು ನನಗಾಗಿ ಪೂರ್ತಿ ತೆರೆದು ಹಿಡಿದರು.

"ಕೂತ್ಕೋ," ಎಂದರು. "ಇದು ನಿನ್ನ ಸೀಟು."

ಆಮೇಲೆ ನನ್ನ ಕೈಯಿಂದ ಕೀ ಇಸಿದುಕೊಂಡು, ಕಾರಿನ ಮುಂಭಾಗವನ್ನು ಒಂದು ಕೈಯಲ್ಲಿ ಸವರುತ್ತಾ, ಕುಂಟಿಕೊಂಡು ಆ ಕಡೆಗೆ ಹೋಗಿ, ಕಲಿಯುವವರು ಕೂರುವ ಜಾಗದಲ್ಲಿ ಕೂತು ಬೆಲ್ಟು ಹಾಕಿಕೊಂಡರು. ಇಂಜಿನ್ ಶುರು ಮಾಡಲಿಲ್ಲ. ಎರಡೂ ಕೈಯನ್ನು ಸ್ಟಿಯರಿಂಗಿನ ಮೇಲಿಟ್ಟು, ನಾನು 'ಹೊರಡಿ' ಎನ್ನುವುದನ್ನೇ ಕಾಯುತ್ತಾ ಕೂತರು.